ಹುಲ್ಲಿನಲ್ಲಿ ಬಿದ್ದ ದಾರಿ

ಮಕ್ಕಳೇ, ಕಪ್ಪು ಎರೆ ಮಣ್ಣಿನ ಸೀಮೆಯಲ್ಲಿ ಒಂದು ವನ್ಯಧಾಮವಿತ್ತು. ಅಲ್ಲಿ ದೊಡ್ಡ ಮರಗಳಿರಲಿಲ್ಲ. ಕಣ್ಣು ಹಾಯುವಷ್ಟು ದೂರ ಹುಲ್ಲು, ನಡುನಡುವೆ ಜಾಲಿ ಗಿಡ, ಬಾರೆ ಹಣ್ಣಿನ ಮುಳ್ಳುಪೊದೆ, ಒಂದು ಪುಟ್ಟ ಕೆರೆ. ಸುತ್ತಲೂ ತಂತಿ ಬೇಲಿ. ಬೇಲಿಯೊಳಗೆ ಕೃಷ್ಣಮೃಗ, ಮೊಲ, ನರಿ, ಮುಂಗುಸಿ, ಉಡ, ಗೌಜಲ ಹಕ್ಕಿ, ಟಿಟ್ಟಿಭ ಹೀಗೆ ಹಲವರು ಸಂಸಾರ ಹೂಡಿಕೊಂಡಿದ್ದರು. ನಮ್ಮ ನಿಮ್ಮ ಕೇರಿಗಳಲ್ಲಿ ಇರುವ ಹಾಗೆ ಅವರಲ್ಲೂ ಜಗಳವಿತ್ತು, ಒಡನಾಟವಿತ್ತು.

ಬೆಳಗ್ಗೆ, ಸಂಜೆ ತೆರೆದ ಜೀಪುಗಳಲ್ಲಿ ಜನ ಬರುತ್ತಿದ್ದರು. ಜೀಪಿನಲ್ಲಿ ಖಾಕಿ ಟೋಪಿಯ ಗೈಡು ಎದ್ದು ನಿಂತು ಕೈ ತೋರಿಸುತ್ತಿದ್ದ. ಅವನು ಕೈ ತೋರಿಸಿದ ಕಡೆಗೆ ಎಲ್ಲರ ಕುತ್ತಿಗೆಯೂ ತಿರುಗುತ್ತಿತ್ತು. ಕೃಷ್ಣಮೃಗದ ಗಂಡು ಕೊಂಬು ಹೊತ್ತು ನಿಂತರೆ ಜೀಪು ನಿಲ್ಲುತ್ತಿತ್ತು. ನರಿ ದಾರಿ ದಾಟಿದರೂ ನಿಲ್ಲುತ್ತಿತ್ತು.

ಆ ಹುಲ್ಲುಗಾವಲಿನ ಪಡುವಣ ಮೂಲೆಯಲ್ಲಿ, ಒಂದು ಬಾರೆ ಪೊದೆಯ ಬುಡದಲ್ಲಿ, ಗಿಡ್ಡಪ್ಪ ಎಂಬ ಮೊಲ ಇದ್ದ. ಒಳ್ಳೆಯವನು. ಯಾರ ಪಾಲಿನ ಗರಿಕೆಗೂ ಬಾಯಿ ಹಾಕಿದವನಲ್ಲ. ಅವನ ಕಿವಿ ಎಷ್ಟು ಚುರುಕೆಂದರೆ ಕೆರೆಯ ಆಚೆ ದಡದಲ್ಲಿ ನರಿ ಒಣ ಕಡ್ಡಿ ತುಳಿದರೆ ಇವನಿಗೆ ಈಚೆ ತಿಳಿಯುತ್ತಿತ್ತು. ಆದರೆ ಅವನ ಮನಸ್ಸಿನಲ್ಲಿ ಒಂದು ಕೊರಗಿತ್ತು. ತನ್ನನ್ನು ಯಾರೂ ನೋಡುವುದಿಲ್ಲ ಎಂಬ ಕೊರಗು.

ಒಂದು ಸಂಜೆ ಜೀಪಿನವರಿಗೆ ಯಾವ ಪ್ರಾಣಿಯೂ ಸಿಕ್ಕಿರಲಿಲ್ಲ. ಗೈಡು ಬೇಸತ್ತು, ಪೊದೆಯ ಹತ್ತಿರ ಕೂತಿದ್ದ ಗಿಡ್ಡಪ್ಪನನ್ನೇ ತೋರಿಸಿದ. ಗಿಡ್ಡಪ್ಪ ಕಿವಿ ನೆಟ್ಟಗೆ ಮಾಡಿ, ಎದೆ ಮುಂದೆ ಮಾಡಿ ಕೂತ. ಜೀಪಿನಲ್ಲಿದ್ದ ಒಬ್ಬ ಹೆಂಗಸು ಇಣುಕಿ ನೋಡಿ ಅಂದಳು.

"ಮೊಲ ತಾನೆ? ನಮ್ಮ ಕಡಲೆ ಹೊಲದಲ್ಲೇ ಬೇಕಾದಷ್ಟಿವೆ. ಮುಂದೆ ಹೋಗೋಣ."

ಜೀಪು ಹೋಯಿತು. ಅದು ಎಬ್ಬಿಸಿದ ಧೂಳು ಗಿಡ್ಡಪ್ಪನ ಮೀಸೆಯ ಮೇಲೆ ಕೂತಿತು. ಆವತ್ತು ಅವನಿಗೆ ಹುಲ್ಲು ರುಚಿಸಲಿಲ್ಲ.

ವನ್ಯಧಾಮದ ಬಾಗಿಲ ಬಳಿ ಬೇರೆಯೇ ಒಂದು ಚಿಕ್ಕ ಬೇಲಿ ಇತ್ತು. ಅದರೊಳಗೆ ಬಸವಂತ ಎಂಬ ಕೊಂಡುಕುರಿ ಇದ್ದ. ತಲೆಯ ಮೇಲೆ ನಾಲ್ಕು ಕೊಂಬಿರುವ ಆ ಪ್ರಾಣಿ ಕಾಡಿನಲ್ಲಿ ಕಣ್ಣಿಗೆ ಬೀಳುವುದೇ ಅಪರೂಪ. ಅವನು ಮರಿಯಾಗಿದ್ದಾಗ ಕಾಲು ಮುರಿದುಕೊಂಡು ಸಿಕ್ಕಿದ್ದ, ಜನರೇ ಸಾಕಿ ದೊಡ್ಡವನನ್ನಾಗಿ ಮಾಡಿದ್ದರು. ಬಂದವರು ಅವನ ಹತ್ತಿರ ಹೋಗಿ, ಕೈಯಿಂದ ಸೊಪ್ಪು ತಿನ್ನಿಸಿ, ಬೆನ್ನು ಮುಟ್ಟಿ, ಕೊಂಬು ಎಣಿಸಿ, ಫೋಟೊ ತೆಗೆಸಿಕೊಂಡು ಹೋಗುತ್ತಿದ್ದರು.

ಗಿಡ್ಡಪ್ಪ ಆಗಾಗ ಬೇಲಿಯ ಕೆಳಗೆ ನುಸುಳಿ ಇದನ್ನೆಲ್ಲ ನೋಡುತ್ತಿದ್ದ. ಜೀಪಿನ ಆ ಮಾತು ಕೇಳಿದ ಮಾರನೆಯ ದಿನ ಬಸವಂತನ ಹತ್ತಿರ ಹೋಗಿ, ಅಣ್ಣಾ, ನಿನ್ನಷ್ಟು ಪುಣ್ಯವಂತ ಈ ಸೀಮೆಯಲ್ಲೇ ಇಲ್ಲ, ದಿನ ಬೆಳಗಾದರೆ ನಿನ್ನ ಮುಂದೆ ಜಾತ್ರೆ ಸೇರುತ್ತದೆ ಎಂದ.

ಬಸವಂತ ಸೊಪ್ಪು ಅಗಿಯುವುದನ್ನು ನಿಲ್ಲಿಸಿದ.

"ಗಿಡ್ಡಪ್ಪ, ನನಗೆ ನಡುಹಗಲು ಒಂದು ಜೊಂಪು ನಿದ್ದೆ ಮಾಡಬೇಕು ಅಂತ ಆಸೆ. ಕಣ್ಣು ಮುಚ್ಚಿದ ಕೂಡಲೇ ಯಾರೋ ಬೇಲಿ ತಟ್ಟುತ್ತಾರೆ. ನೀನು ನಿನ್ನ ಪೊದೆಯಲ್ಲಿ ನಿದ್ದೆ ಮಾಡುತ್ತೀಯಲ್ಲ, ಅದು ಹೇಗಿರುತ್ತದೆ?"

ಆ ಮಾತು ಗಿಡ್ಡಪ್ಪನ ಕಿವಿಗೆ ಬಿತ್ತು, ಮನಸ್ಸಿಗೆ ಇಳಿಯಲಿಲ್ಲ. ಉಂಡವನಿಗೆ ಹಸಿವು ಎಲ್ಲಿ ಗೊತ್ತಾಗಬೇಕು ಅಂದುಕೊಂಡು ಮನೆಗೆ ಬಂದ.

ಹೀಗಿರುವಾಗ ಮಳೆಗಾಲ ಬಂತು. ಎರಡು ಒಳ್ಳೆಯ ಮಳೆಗೆ ಹುಲ್ಲು ಎದ್ದು ನಿಂತಿತು. ಒಂದು ಬೆಳಗ್ಗೆ ಗಿಡ್ಡಪ್ಪ ಪೊದೆಯಿಂದ ಹೊರಗೆ ಬಂದರೆ, ಎದುರಿನ ಹುಲ್ಲಿನಲ್ಲಿ ಒಂದು ದೊಡ್ಡ ಹಕ್ಕಿ ನಿಂತಿದೆ. ಉದ್ದನೆಯ ಬಿಳಿ ಕತ್ತು, ತಲೆಯ ಮೇಲೆ ಕಪ್ಪು ಟೋಪಿ ಇಟ್ಟ ಹಾಗೆ ಗರಿ, ಕಂದು ಬೆನ್ನು. ಹೆಜ್ಜೆ ಇಡುವಾಗ ನೆಲಕ್ಕೆ ನೋವಾದೀತೋ ಎಂಬಂತೆ ಮೆಲ್ಲಗೆ ಇಡುತ್ತಿತ್ತು. ಅದು ಎರ್ಲಡ್ಡು. ಒಂದು ಕಾಲದಲ್ಲಿ ಈ ಎರೆ ಸೀಮೆಯಲ್ಲಿ ಎಲ್ಲಿ ನೋಡಿದರೂ ಇದ್ದ ಹಕ್ಕಿ, ಈಗ ಹುಡುಕಿದರೂ ಸಿಗದು. ವನ್ಯಧಾಮದ ಬಾಗಿಲಲ್ಲಿ ಅದರ ಚಿತ್ರ ಬರೆದು ಹಾಕಿದ್ದರು. ಚಿತ್ರ ನೋಡಿದವರು ಸಾವಿರ ಜನ, ಹಕ್ಕಿಯನ್ನು ನೋಡಿದವರು ಒಬ್ಬರೂ ಇರಲಿಲ್ಲ.

ಅವಳ ಹೆಸರು ಹೊನ್ನವ್ವ. ಅವಳು ಆ ಜಾಗವನ್ನು ಸುತ್ತಿ ಸುತ್ತಿ ನೋಡಿದಳು. ಎರಡು ದಿನ ಹಾಗೇ ನೋಡಿ, ಮೂರನೆಯ ದಿನ ಗಿಡ್ಡಪ್ಪನ ಹತ್ತಿರ ಬಂದು ಮಾತಾಡಿದಳು. ತಾನು ಬೇಲಿಯ ಆಚೆಯ ಹೊಲಗಳಿಂದ ಬಂದವಳು ಎಂದೂ, ಅಲ್ಲಿ ಹೋದ ವರ್ಷ ಇಟ್ಟ ಮೊಟ್ಟೆಯ ಮೇಲೆ ಟ್ರ್ಯಾಕ್ಟರ್ ಹಾಯಿತೆಂದೂ, ಅದಕ್ಕೂ ಹಿಂದಿನ ವರ್ಷದ್ದನ್ನು ನಾಯಿಗಳು ತಿಂದವೆಂದೂ ಹೇಳಿದಳು. ತಮ್ಮ ಕುಲದಲ್ಲಿ ವರ್ಷಕ್ಕೆ ಒಂದೇ ಮೊಟ್ಟೆ. ಗೂಡು ಕಟ್ಟುವ ಪದ್ಧತಿ ಇಲ್ಲ, ಬರಿ ನೆಲದ ಮೇಲೆ ಇಡುತ್ತೇವೆ, ಹುಲ್ಲೇ ನಮಗೆ ಗೋಡೆ ಎಂದಳು.

"ಇಲ್ಲಿ ಇಡೋಣ ಅಂತ ಮಾಡಿದ್ದೇನೆ. ನನಗೆ ಬೇಕಾದದ್ದು ಎರಡೇ, ಗಿಡ್ಡಪ್ಪ. ಬೆಳಗ್ಗೆ ಸ್ವಲ್ಪ ಹೊತ್ತು ನಾನು ಮೇಯಲು ಹೋದಾಗ ನೀನು ಕಿವಿ ಇಟ್ಟು ಕಾಯಬೇಕು. ಮತ್ತೆ, ನಾನು ಇಲ್ಲಿರುವುದನ್ನು ಯಾರಿಗೂ ಹೇಳಬಾರದು."

ಗಿಡ್ಡಪ್ಪನ ಎದೆ ಉಬ್ಬಿತು. ಈ ಸೀಮೆಗೇ ಅಪರೂಪದವಳು, ಯಾರ ಕಣ್ಣಿಗೂ ಬೀಳದವಳು, ತನ್ನನ್ನು ನಂಬಿ ಬಂದಿದ್ದಾಳೆ. "ನನ್ನ ಕಿವಿ ಇರುವ ತನಕ ಚಿಂತೆ ಬೇಡ, ಹೊನ್ನಕ್ಕ" ಎಂದ. ಆಗ ಅವನು ಹೇಳಿದ್ದು ಮನಸ್ಸಿನಿಂದಲೇ. ಅದರಲ್ಲಿ ಸುಳ್ಳು ಇರಲಿಲ್ಲ.

ಹೊನ್ನವ್ವ ಮೊಟ್ಟೆ ಇಟ್ಟಳು. ಪಾಚಿ ಬಣ್ಣದ ಮೇಲೆ ಕಂದು ಮಚ್ಚೆಗಳ ಮೊಟ್ಟೆ. ಹುಲ್ಲಿನ ನಡುವೆ ಒಂದು ಕಲ್ಲು ಬಿದ್ದಂತೆ ಕಾಣುತ್ತಿತ್ತು. ಅವಳು ಅದರ ಮೇಲೆ ಕೂತರೆ ಅವಳೂ ಒಂದು ಮಣ್ಣ ದಿಬ್ಬವಾಗಿ ಹೋಗುತ್ತಿದ್ದಳು. ಬೆಳಗ್ಗೆ ಅವಳು ಮಿಡತೆ ಹುಡುಕಿ ಹೋದಾಗ ಗಿಡ್ಡಪ್ಪ ಪೊದೆಯ ಮುಂದೆ ಕೂತು ಕಾಯುತ್ತಿದ್ದ. ಒಮ್ಮೆ ಉಡವೊಂದು ಆ ಕಡೆ ತೆವಳಿ ಬಂತು. ಗಿಡ್ಡಪ್ಪ ಹಿಂಗಾಲಿನಿಂದ ನೆಲ ಬಡಿದ. ಆ ಸದ್ದು ಕೇಳಿದ್ದೇ ಹೊನ್ನವ್ವ ರೆಕ್ಕೆ ಬಿಚ್ಚಿ ಓಡಿ ಬಂದು ಉಡವನ್ನು ಅಟ್ಟಿದಳು. ಆಮೇಲೆ ಅವಳು ಗಿಡ್ಡಪ್ಪನಿಗೆ, ನೀನಿಲ್ಲದಿದ್ದರೆ ಇವತ್ತಿಗೆ ಮುಗಿದಿತ್ತು ಎಂದಳು.

ಇಷ್ಟಕ್ಕೆ ಅವನು ತೃಪ್ತಿಪಟ್ಟಿದ್ದರೆ ಈ ಕತೆ ಇಲ್ಲಿಗೆ ಸುಖವಾಗಿ ಮುಗಿಯುತ್ತಿತ್ತು.

ಕೆರೆಯ ಬಳಿ ಒಂದು ದಿನ ಕೃಷ್ಣಮೃಗದ ಹೆಣ್ಣುಗಳು ನೀರು ಕುಡಿಯುತ್ತಾ ಮಾತಾಡುತ್ತಿದ್ದವು. ಬಾಗಿಲಲ್ಲಿ ಚಿತ್ರ ಇರುವ ಆ ಹಕ್ಕಿ ನಿಜವಾಗಿ ಇದೆಯೋ ಇಲ್ಲವೋ ಎಂದು ಚರ್ಚೆ ನಡೆದಿತ್ತು. ನಮ್ಮ ಅಜ್ಜಿಯ ಕಾಲಕ್ಕೇ ಮುಗಿಯಿತು, ಈಗ ಚಿತ್ರ ಮಾತ್ರ ಉಳಿದಿದೆ ಎಂದಿತು ಒಂದು. ಗಿಡ್ಡಪ್ಪ ಪಕ್ಕದಲ್ಲೇ ನೀರು ಕುಡಿಯುತ್ತಿದ್ದ. ಅವನನ್ನು ಯಾರೂ ಕೇಳಿರಲಿಲ್ಲ. ಅವನು ಅಲ್ಲಿರುವುದನ್ನೂ ಯಾರೂ ಗಮನಿಸಿರಲಿಲ್ಲ. ಬಹುಶಃ ಅದೇ ಅವನನ್ನು ಚುಚ್ಚಿತು.

"ಮುಗಿದಿಲ್ಲ" ಎಂದ ಅವನು. "ನನ್ನ ಪಕ್ಕದ ಮನೆಯಲ್ಲೇ ಇದ್ದಾಳೆ."

ಎಲ್ಲ ತಲೆಗಳೂ ಒಮ್ಮೆಲೇ ಅವನ ಕಡೆ ತಿರುಗಿದವು. ಗಿಡ್ಡಪ್ಪನ ಬದುಕಿನಲ್ಲಿ ಅಷ್ಟು ಕಣ್ಣುಗಳು ಒಟ್ಟಿಗೆ ಅವನನ್ನು ನೋಡಿದ್ದು ಅದೇ ಮೊದಲು. ಮೈ ಬೆಚ್ಚಗಾಯಿತು. ಮಾತು ತಾನಾಗಿ ಹರಿಯಿತು. ಅವಳ ಬಿಳಿ ಕತ್ತು, ಅವಳ ನಡಿಗೆ, ಅವಳು ತನ್ನ ಹತ್ತಿರ ಆಡಿದ ಮಾತು, ಎಲ್ಲವನ್ನೂ ಹೇಳಿದ. ಹಿಂಡಿನ ಹಿರಿಯ ಹೆಣ್ಣು ಹತ್ತಿರ ಬಂದು, ಗಿಡ್ಡಪ್ಪ, ನಮಗೂ ಒಂದು ಸಲ ದೂರದಿಂದ ತೋರಿಸುತ್ತೀಯಾ ಎಂದು ಮೆಲ್ಲಗೆ ಕೇಳಿತು. ಅವನು ಒಪ್ಪಿಕೊಂಡ.

ಅವನು ಯೋಚನೆ ಮಾಡದೆ ಒಪ್ಪಿದ ಎಂದು ತಿಳಿಯಬೇಡಿ. ತನ್ನ ಮಟ್ಟಿಗೆ ಯೋಚಿಸಿದ್ದ. ನರಿ, ಮುಂಗುಸಿ, ಉಡ ಇವರಿಗೆ ಹೇಳಬಾರದು, ಅವರು ಮೊಟ್ಟೆ ತಿನ್ನುವವರು. ಕೃಷ್ಣಮೃಗಗಳು ಹುಲ್ಲು ತಿನ್ನುವವರು, ಸಾಧುಗಳು. ಅವರು ನೋಡಿದರೆ ಯಾರಿಗೆ ಏನು ನಷ್ಟ? ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡು ಅವರನ್ನು ಕರೆದುಕೊಂಡು ಬಂದ.

ಬಾರೆ ಪೊದೆಯ ಮರೆಯಲ್ಲಿ ನಿಲ್ಲಿಸಿ, ಜೀಪಿನ ಗೈಡಿನ ಹಾಗೆ ಮುಂಗಾಲು ಎತ್ತಿ ತೋರಿಸಿದ. ಮೊದಲು ಯಾರಿಗೂ ಏನೂ ಕಾಣಲಿಲ್ಲ. ಆಮೇಲೆ ಮಣ್ಣ ದಿಬ್ಬಕ್ಕೆ ಒಂದು ಕಣ್ಣು ಮೂಡಿತು, ಆಮೇಲೆ ಕತ್ತು. ಅವರೆಲ್ಲ ಉಸಿರು ಬಿಗಿ ಹಿಡಿದು ನೋಡಿದರು. ಹೋಗುವಾಗ ಪ್ರತಿಯೊಬ್ಬರೂ ಗಿಡ್ಡಪ್ಪನಿಗೆ ಧನ್ಯಳಾದೆ ಎಂದು ಹೇಳಿ ಹೋದರು. ಒಬ್ಬಳಂತೂ ಅವನನ್ನು ಗಿಡ್ಡಪ್ಪಣ್ಣ ಎಂದಳು.

ಸಂಜೆ ಹೊನ್ನವ್ವ, ಇವತ್ತು ಪೊದೆಯ ಹಿಂದೆ ಯಾರೋ ಇದ್ದ ಹಾಗಿತ್ತು ಎಂದಳು. ಗಿಡ್ಡಪ್ಪ, ಯಾರೋ ದಾರಿ ತಪ್ಪಿ ಬಂದಿದ್ದರು ಅಕ್ಕ, ನಾನೇ ಕಳಿಸಿದೆ ಎಂದ. ಅವನ ಬಾಯಿಂದ ಬಂದ ಮೊದಲ ಸುಳ್ಳು ಅದು. ಅವಳು ನಂಬಿದಳು.

ಮಾರನೆಯ ದಿನ ಬೇರೆ ಗುಂಪು ಬಂತು. ಅದರ ಮರುದಿನ ಇನ್ನೊಂದು. ಗೌಜಲಗಳು ಬಂದವು, ಕೆರೆಯಾಚೆಯ ಮೊಲಗಳು ಬಂದವು, ಬೇಲಿ ಹಾರಿ ದೂರದ ಕೃಷ್ಣಮೃಗಗಳೂ ಬಂದವು. ಎಲ್ಲರೂ ಒಳ್ಳೆಯವರೇ. ಎಲ್ಲರೂ ಮೆಲ್ಲಗೆ ಬಂದು ಮೆಲ್ಲಗೆ ಹೋದವರೇ. ಗಿಡ್ಡಪ್ಪ ಈಗ ಬೆಳಗ್ಗೆ ಕೆರೆಯ ಹತ್ತಿರ ಹೋದರೆ ಅವನಿಗೆ ದಾರಿ ಬಿಡುತ್ತಿದ್ದರು. ಚಿಗುರು ಗರಿಕೆ ಇರುವ ಕಡೆ, ಮೊದಲು ನೀನು ತಿನ್ನು ಎನ್ನುತ್ತಿದ್ದರು.

ಅದೇ ಮೂಲೆಯಲ್ಲಿ ಸಾತವ್ವ ಎಂಬ ಟಿಟ್ಟಿಭ ಇದ್ದಳು. ಹಳದಿ ಕಾಲಿನ, ಬಾಯಿ ಜೋರಿನ ಹಕ್ಕಿ. ಅವಳೂ ನೆಲದ ಮೇಲೆ ಮೊಟ್ಟೆ ಇಡುವವಳೇ, ಹಾಗಾಗಿ ನೆಲದ ಸಂಗತಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಂದು ದಿನ ಅವಳು ಗಿಡ್ಡಪ್ಪನನ್ನು ತಡೆದು ನಿಲ್ಲಿಸಿ, ಕೆರೆಯ ಕಡೆ ತಿರುಗಿ ನೋಡು ಎಂದಳು. ಅವನು ನೋಡಿದ. ಹಸಿರು ಹುಲ್ಲು, ಮೋಡ, ಅಷ್ಟೇ.

"ಕೆಳಗೆ ನೋಡು, ಗಿಡ್ಡಪ್ಪ. ದಾರಿ ಬಿದ್ದಿದೆ."

ನಿಜ. ಕೆರೆಯಿಂದ ಬಾರೆ ಪೊದೆಯವರೆಗೆ ಹುಲ್ಲು ಮಲಗಿತ್ತು. ಮಳೆಯಲ್ಲಿ ನೆನೆದ ಎರೆ ಮಣ್ಣು ಬೆಣ್ಣೆಯ ಹಾಗಿರುತ್ತದೆ, ಗೊರಸು ಇಟ್ಟರೆ ಅಚ್ಚು ಬೀಳುತ್ತದೆ. ಅಷ್ಟು ಗೊರಸುಗಳ ಅಚ್ಚು ಒಂದರ ಮೇಲೊಂದು ಬಿದ್ದು, ಎತ್ತಿನ ಗಾಡಿಯ ಜಾಡಿನ ಹಾಗೆ ಒಂದು ಕಪ್ಪು ಗೆರೆ ನೆಟ್ಟಗೆ ಬಂದಿತ್ತು. ಬಂದವರು ಒಳ್ಳೆಯವರೇ ಇರಬಹುದು, ದಾರಿಗೆ ಒಳ್ಳೆಯವರು ಕೆಟ್ಟವರು ಎಂಬ ಭೇದ ಇಲ್ಲ, ಇವತ್ತೇ ಇದನ್ನು ನಿಲ್ಲಿಸು ಎಂದಳು ಸಾತವ್ವ.

ನಿಲ್ಲಿಸುತ್ತೇನೆ ಎಂದ ಗಿಡ್ಡಪ್ಪ. ಆದರೆ ನಾಳೆ ಬರುವಂತೆ ಯಾರಿಗೋ ಮಾತು ಕೊಟ್ಟಾಗಿತ್ತು. ಅವರಿಗೆ ಇಲ್ಲ ಎಂದರೆ ಏನು ತಿಳಿದಾರು? ಇದೊಂದು ಸಲ ಆಗಲಿ, ಆಮೇಲೆ ಸಾಕು ಅಂದುಕೊಂಡ. ಸಾತವ್ವನಿಗೆ ಹೊಟ್ಟೆಕಿಚ್ಚು ಇರಬಹುದು, ಅವಳ ಮೊಟ್ಟೆ ನೋಡಲು ಯಾರು ಬರುತ್ತಾರೆ ಎಂಬ ಯೋಚನೆಯೂ ಅವನ ತಲೆಯಲ್ಲಿ ಸುಳಿಯಿತು.

ಇತ್ತ ಹೊನ್ನವ್ವ ಬಡವಾಗುತ್ತಿದ್ದಳು. ಸುತ್ತಲೂ ಕಣ್ಣುಗಳಿವೆ ಎಂದು ಅವಳ ಮೈಗೆ ಗೊತ್ತಾಗುತ್ತಿತ್ತು. ಮೊಟ್ಟೆ ಬಿಟ್ಟು ಏಳಲು ಅಂಜಿ, ಹಸಿದುಕೊಂಡೇ ಕೂರುತ್ತಿದ್ದಳು. ಗಿಡ್ಡಪ್ಪ ಇದನ್ನು ಕಂಡು ಮರುಗಿದ. ಅಕ್ಕ, ನಾನಿದ್ದೇನಲ್ಲ, ಹೋಗಿ ಹೊಟ್ಟೆ ತುಂಬ ಮೇದು ಬಾ ಎಂದು ಒತ್ತಾಯ ಮಾಡಿದ. ಮರುಕ ನಿಜವಾದದ್ದೇ. ಆದರೆ ಅದರ ಹಿಂದೆ ಇನ್ನೊಂದು ಆಸೆಯೂ ಕೂತಿತ್ತು. ಬಂದವರೆಲ್ಲ ಈಗ, ದೂರದಿಂದ ಏನು ಕಂಡೀತು ಗಿಡ್ಡಪ್ಪಣ್ಣ, ಹತ್ತಿರದಿಂದ ಒಂದು ಸಲ ಆ ಮೊಟ್ಟೆ ನೋಡಿದರೆ ಜನ್ಮ ಸಾರ್ಥಕ ಎನ್ನತೊಡಗಿದ್ದರು. ಹೊನ್ನವ್ವ ಎದ್ದು ಹೋದರೆ ತಾನೆ ಅವರನ್ನು ಹತ್ತಿರ ಕರೆದೊಯ್ಯಲು ಆಗುವುದು?

ಹಾಗೆ ಹತ್ತಿರ ಬಂದು ನೋಡಿದವರು ಹಲವರು. ಒಬ್ಬರು ಮೂಸಿ ನೋಡಿದರು. ಒಂದು ಎಳೆ ಕೃಷ್ಣಮೃಗ ಮೂತಿ ತಾಗಿಸಿ, ಬೆಚ್ಚಗಿದೆ ಎಂದು ಬೆರಗಾಯಿತು. ಗಿಡ್ಡಪ್ಪ ಪಕ್ಕದಲ್ಲಿ ನಿಂತು, ಮುಟ್ಟಬಾರದು, ಮುಟ್ಟಬಾರದು ಎನ್ನುತ್ತಿದ್ದ. ಆ ಮಾತಿನಲ್ಲೂ ಒಂದು ಯಜಮಾನಿಕೆಯ ಖುಷಿ ಇತ್ತು.

ಮರಿ ಹೊರಬರುವ ಕಾಲ ಹತ್ತಿರವಾಯಿತು. ಮೊಟ್ಟೆಗೆ ಕಿವಿ ಇಟ್ಟರೆ ಒಳಗಿನಿಂದ ಕಿಚಕ್ ಎಂಬ ಸಣ್ಣ ದನಿ ಕೇಳುತ್ತದೆ ಎಂದು ಹೊನ್ನವ್ವ ಗಿಡ್ಡಪ್ಪನನ್ನು ಕರೆದು ಕೇಳಿಸಿದಳು. ಅವನ ಉದ್ದ ಕಿವಿಗೆ ಅದು ಸ್ಪಷ್ಟವಾಗಿ ಕೇಳಿಸಿತು. ಇಬ್ಬರೂ ಅದನ್ನೇ ಕೇಳುತ್ತಾ ಕೂತಿದ್ದರು.

"ಮರಿ ಎದ್ದು ಓಡಾಡಿದ ಮೇಲೆ ಮೊದಲು ನಿನ್ನನ್ನೇ ತೋರಿಸುತ್ತೇನೆ" ಎಂದಳು ಹೊನ್ನವ್ವ. "ಇವನು ನಿನ್ನ ಮಾವ ಅಂತ."

ನಾಳೆಯಿಂದ ಯಾರನ್ನೂ ಕರೆತರುವುದಿಲ್ಲ ಎಂದು ಗಿಡ್ಡಪ್ಪ ಆ ಕ್ಷಣದಲ್ಲಿ ನಿಶ್ಚಯ ಮಾಡಿದ. ಆದರೆ ಆವತ್ತು ಮಧ್ಯಾಹ್ನವೇ ಬೇಲಿಯಾಚೆಯಿಂದ ಒಂದು ದೊಡ್ಡ ಹಿಂಡು ಬಂದು ಕೆರೆಯ ಬಳಿ ಇಳಿದಿದೆ, ಗಿಡ್ಡಪ್ಪಣ್ಣನನ್ನು ಕೇಳುತ್ತಿದೆ ಎಂಬ ಸುದ್ದಿ ಬಂತು. ಮೊಟ್ಟೆಯೊಳಗೆ ದನಿ ಕೇಳುತ್ತದೆ ಎಂಬ ವಿಷಯ ಅವನ ನಾಲಿಗೆಯ ತುದಿಯಲ್ಲಿ ಕೂತಿತ್ತು. ಅದನ್ನು ಹೇಳದೆ ಅವನಿಗೆ ಇರಲು ಆಗಲಿಲ್ಲ.

ಮರುದಿನ ಬೆಳಗ್ಗೆ ಹೊನ್ನವ್ವ ಮೇಯಲು ಹೊರಟಳು. ಹೊರಡುವ ಮುಂಚೆ ತಿರುಗಿ ನೋಡಿದಳು. ಗಿಡ್ಡಪ್ಪ ಪೊದೆಯ ಮುಂದೆ ಕಿವಿ ನೆಟ್ಟಗೆ ಮಾಡಿ ಕೂತಿದ್ದ. ಅವಳು ಮರೆಯಾದ ಕೂಡಲೇ ಅವನು ಅತಿಥಿಗಳನ್ನು ಕರೆತರಲು ಕೆರೆಯ ಕಡೆ ಓಡಿದ. ಅವರೇ ಬಂದುಬಿಡಬಹುದಿತ್ತು, ದಾರಿ ಅಷ್ಟು ಚೆನ್ನಾಗಿ ಬಿದ್ದಿತ್ತು. ಆದರೆ ಮುಂದೆ ನಿಂತು ಕರೆದುಕೊಂಡು ಬರುವುದರಲ್ಲಿ ಇರುವ ಸುಖವೇ ಬೇರೆ. ಕೆರೆಯ ಬಳಿ ಎಲ್ಲರೂ ಅವನನ್ನು ಸುತ್ತುವರಿದರು. ಅವನು ಮೊದಲಿನಿಂದ ಹೇಳತೊಡಗಿದ. ಹೊನ್ನವ್ವ ಬಂದ ದಿನ, ಉಡವನ್ನು ಅಟ್ಟಿದ ದಿನ, ಮೊಟ್ಟೆಯೊಳಗಿನ ದನಿ. ಕೇಳುವವರು ಇನ್ನೂ ಹೇಳು ಎಂದರು. ಅವನು ಇನ್ನೂ ಹೇಳಿದ.

ದೂರದಲ್ಲಿ ಸಾತವ್ವ ಕೂಗಿದ್ದು ಅವನ ಕಿವಿಗೆ ಬಿತ್ತು. ಒಂದು ಸಲ, ಮತ್ತೊಂದು ಸಲ, ಆಮೇಲೆ ಬಿಡದೆ. ಮೊದಲ ಕೂಗಿಗೆ ಎದ್ದಿದ್ದರೆ ಏನಾದರೂ ಆಗುತ್ತಿತ್ತೋ ಏನೋ. ಕತೆ ಒಳ್ಳೆಯ ಜಾಗಕ್ಕೆ ಬಂದಿತ್ತು. ಮುಗಿಸಿ ಎದ್ದ.

ಅವನು ಓಡಿ ಬರುವಾಗ ಅದೇ ದಾರಿಯಲ್ಲಿ ಎದುರಿಗೆ ನರಿ ಬರುತ್ತಿತ್ತು. ಗಿಡ್ಡಪ್ಪ ಪಕ್ಕದ ಪೊದೆಗೆ ಹಾರಿದ. ನರಿ ಅವನನ್ನು ಅಟ್ಟಲಿಲ್ಲ. ನಿಧಾನವಾಗಿ ನಡೆಯುತ್ತಾ, ಮೂತಿ ನೆಕ್ಕಿಕೊಳ್ಳುತ್ತಾ ಬಂದು ಪೊದೆಯ ಮುಂದೆ ನಿಂತಿತು.

"ಹೆದರಬೇಡ ಮಾರಾಯ, ನನ್ನ ಹೊಟ್ಟೆ ತುಂಬಿದೆ. ಈ ದಾರಿ ಮಾಡಿದ್ದು ನೀವಂತೆ. ಒಳ್ಳೆಯ ಕೆಲಸ. ಈ ಎತ್ತರದ ಒದ್ದೆ ಹುಲ್ಲಿಗೆ ನಾನು ಕಾಲಿಡುವವನೇ ಅಲ್ಲ. ದಾರಿ ಇತ್ತು, ಸುಮ್ಮನೆ ಬಂದೆ."

ಹೇಳಿ, ಮುಂದೆ ನಡೆದುಹೋಯಿತು.

ಗಿಡ್ಡಪ್ಪ ಪೊದೆಯ ಹತ್ತಿರ ಬಂದಾಗ ಹೊನ್ನವ್ವ ಆಗಲೇ ಬಂದಿದ್ದಳು. ನೆಲದ ಮೇಲೆ ಒಡೆದ ಚಿಪ್ಪಿನ ಚೂರುಗಳಿದ್ದವು. ಅವಳು ಅವುಗಳನ್ನು ಮುಟ್ಟಲಿಲ್ಲ. ಆ ಜಾಗದ ಪಕ್ಕದಲ್ಲಿ ನಿಂತಿದ್ದಳು. ಅವಳ ಕಣ್ಣು ನೆಲದ ಮೇಲಿಂದ ಮೆಲ್ಲಗೆ ಎದ್ದು, ಆ ಕಪ್ಪು ದಾರಿಯ ಗುಂಟ ಹೋಗಿ, ಕೆರೆಯವರೆಗೆ ಹೋಗಿ, ಅಲ್ಲಿ ನಿಂತಿದ್ದ ಹಿಂಡನ್ನು ನೋಡಿ, ಗಿಡ್ಡಪ್ಪನ ಮೇಲೆ ಬಂದು ನಿಂತಿತು. ಇಷ್ಟು ದಿನ ಬೇಲಿಯ ಕಡೆಗೇ ಮೇಯಲು ಹೋಗಿ ಬಂದು ಕೂರುತ್ತಿದ್ದವಳಿಗೆ ಪೊದೆಯ ಹಿಂದಿನ ಈ ದಾರಿ ಕಂಡಿರಲಿಲ್ಲ. ಈಗ ಎಲ್ಲವೂ ಕಂಡಿತು. ಅವಳು ಏನನ್ನೂ ಕೇಳಲಿಲ್ಲ.

ಕೇಳದಿದ್ದುದೇ ಅವನಿಗೆ ಕಷ್ಟವಾಯಿತು. ಅವನೇ ಎಲ್ಲವನ್ನೂ ಹೇಳಿದ. ಯಾರ್ಯಾರನ್ನು ಕರೆತಂದೆ, ಯಾವಾಗಿನಿಂದ, ಇವತ್ತು ಎಲ್ಲಿದ್ದೆ ಎಂದು ಒಂದನ್ನೂ ಬಿಡದೆ ಹೇಳಿದ. ಬಂದವರಲ್ಲಿ ಯಾರೂ ಕೆಟ್ಟವರಿರಲಿಲ್ಲ ಎಂದೂ ಹೇಳಿದ. ಆ ಮಾತು ಹೇಳುವಾಗ ಅದು ಎಷ್ಟು ಟೊಳ್ಳು ಎಂದು ಅವನಿಗೇ ಕೇಳಿಸಿತು. ಕೊನೆಗೆ, ನನ್ನನ್ನು ಬೈಯಿ ಅಕ್ಕ, ಕುಕ್ಕು, ಏನಾದರೂ ಮಾಡು ಎಂದ.

ಹೊನ್ನವ್ವ ಬೈಯಲಿಲ್ಲ, ಕುಕ್ಕಲಿಲ್ಲ.

"ನೀನು ಕೆಟ್ಟವನಾಗಿದ್ದರೆ ನಾನು ಮೊದಲ ದಿನವೇ ದೂರ ಇರುತ್ತಿದ್ದೆ, ಗಿಡ್ಡಪ್ಪ. ನರಿಯ ಪಕ್ಕದಲ್ಲಿ ನಾನು ಮೊಟ್ಟೆ ಇಡಲಿಲ್ಲ, ನಿನ್ನ ಪಕ್ಕದಲ್ಲಿ ಇಟ್ಟೆ."

ಅಷ್ಟು ಹೇಳಿ ಅವಳು ನಾಲ್ಕು ಹೆಜ್ಜೆ ಓಡಿ, ಭಾರವಾದ ರೆಕ್ಕೆಗಳನ್ನು ಬಡಿದು ಮೇಲೆದ್ದಳು. ಬೇಲಿಯನ್ನು ದಾಟಿ ಹೊಲಗಳ ಕಡೆಗೆ, ಟ್ರ್ಯಾಕ್ಟರುಗಳೂ ನಾಯಿಗಳೂ ಇರುವ ಕಡೆಗೇ ಹೋದಳು. ಗಿಡ್ಡಪ್ಪ ಅವಳು ಚುಕ್ಕೆಯಾಗಿ ಮಾಯವಾಗುವವರೆಗೂ ನೋಡುತ್ತಾ ನಿಂತ. ಅವಳು ತಿರುಗಿ ನೋಡಲಿಲ್ಲ.

ಮುಂದೆ ಕೆಲವು ದಿನ ಎಲ್ಲರೂ ಬಂದು ಗಿಡ್ಡಪ್ಪನನ್ನು ಸಂತೈಸಿದರು. ನರಿಯ ಬುದ್ಧಿಯೇ ಅಷ್ಟು ಎಂದರು. ನೀನೊಬ್ಬನೇ ಎಷ್ಟು ಅಂತ ಕಾಯುತ್ತೀಯ ಎಂದರು. ಆಮೇಲೆ, ಅವಳು ಮತ್ತೆ ಬರುತ್ತಾಳಾ, ಬಂದರೆ ಹೇಳಿ ಕಳಿಸು ಎಂದೂ ಕೆಲವರು ಕೇಳಿದರು. ಅವನು ಯಾರಿಗೂ ಉತ್ತರ ಕೊಡಲಿಲ್ಲ. ನೋಡಲು ಏನೂ ಇಲ್ಲ ಎಂದು ತಿಳಿದ ಮೇಲೆ ಬರುವವರು ಕಡಿಮೆಯಾದರು. ಕೆರೆಯ ಬಳಿ ದಾರಿ ಬಿಡುವವರೂ ಇರಲಿಲ್ಲ. ಅದಕ್ಕಾಗಿ ಅವನಿಗೆ ಈಗ ನೋವೂ ಆಗಲಿಲ್ಲ.

ಹೇಗೋ ಜನರಿಗೂ ಸುದ್ದಿ ಮುಟ್ಟಿತು. ಯಾರೋ ಕಾವಲುಗಾರ ಅವಳು ಹಾರಿದ್ದನ್ನು ನೋಡಿದ್ದನಂತೆ. ದೊಡ್ಡ ದೊಡ್ಡ ಕ್ಯಾಮೆರಾ ಹೊತ್ತವರು ದೂರದೂರದಿಂದ ಬಂದರು, ದುರ್ಬೀನು ಹಿಡಿದು ದಿನವಿಡೀ ಹುಲ್ಲನ್ನು ಹುಡುಕಿದರು. ಒಬ್ಬ ಮುದುಕ, ಬದುಕಿನಲ್ಲಿ ಒಂದು ಸಲ ಇದನ್ನು ನೋಡಬೇಕೆಂಬ ಆಸೆ ಇತ್ತು ಎಂದು ಹೇಳಿ, ಸಂಜೆ ಬರಿಗಣ್ಣಿನಲ್ಲಿ ಆ ಬಯಲನ್ನು ನೋಡುತ್ತಾ ನಿಂತಿದ್ದು ಹೋದ. ಗಿಡ್ಡಪ್ಪ ಪೊದೆಯೊಳಗೆ ಮುದುಡಿಕೊಂಡು ಕಿವಿ ಮಡಿಸಿಕೊಂಡ.

ಒಂದು ಬೇಸಿಗೆ ಕಳೆಯಿತು. ಮತ್ತೆ ಮಳೆ ಬಂತು, ಹುಲ್ಲು ಎದ್ದಿತು. ದಾರಿ ಇದ್ದ ಕಡೆಯೂ ಹುಲ್ಲು ಮುಚ್ಚಿಕೊಂಡಿತು. ಹೊನ್ನವ್ವ ಬರಲಿಲ್ಲ. ಬಂದಾಳೋ ಎಂದು ಗಿಡ್ಡಪ್ಪ ದಿನಾ ಬೆಳಗ್ಗೆ ಬೇಲಿಯ ಕಡೆ ನೋಡುತ್ತಿದ್ದ.

ಆ ಮಳೆಗಾಲದಲ್ಲಿ ಒಂದು ದಿನ ಅವನು ಮೇಯುತ್ತಾ ಹೋಗುವಾಗ ಸಾತವ್ವ ಎದುರಾದಳು. ಅವನನ್ನು ಕಂಡ ಕೂಡಲೇ ಅವಳು ನೆಲಕ್ಕೆ ಕುಕ್ಕರಿಸಿ, ರೆಕ್ಕೆ ಅಗಲಿಸಿ, ಮೊಟ್ಟೆಯ ಮೇಲೆ ಕೂತವಳ ಹಾಗೆ ಕೂತಳು. ಗಿಡ್ಡಪ್ಪನಿಗೆ ಅರ್ಥವಾಯಿತು. ಅಲ್ಲಿ ಮೊಟ್ಟೆ ಇಲ್ಲ. ಮೊಟ್ಟೆ ಬೇರೆ ಎಲ್ಲೋ ಇದೆ. ನರಿ ಬಂದಾಗ, ನಾಯಿ ಬಂದಾಗ ಟಿಟ್ಟಿಭಗಳು ದಾರಿ ತಪ್ಪಿಸಲು ಆಡುವ ಆಟ ಅದು. ಇಷ್ಟು ವರ್ಷ ಪಕ್ಕದಲ್ಲೇ ಬಾಳಿದ ಸಾತವ್ವ ಆ ಆಟವನ್ನು ತನ್ನ ಮುಂದೆ ಆಡುತ್ತಿದ್ದಾಳೆ.

ಅವಳು ಅಂಜಿದ್ದು ತಪ್ಪಲ್ಲ ಎಂದು ಅವನಿಗೇ ಗೊತ್ತಿತ್ತು.

ಗಿಡ್ಡಪ್ಪ ಆ ಸುಳ್ಳನ್ನು ನಂಬಿದವನ ಹಾಗೆ ತಲೆ ಅಲ್ಲಾಡಿಸಿದ. ಅವಳ ಕಣ್ಣು ಎತ್ತ ಹೊರಳುತ್ತದೆ ಎಂದು ನೋಡದಿರಲು ಕಣ್ಣು ಕೆಳಗೆ ಮಾಡಿದ. ಆಮೇಲೆ ತನ್ನ ಹೆಜ್ಜೆಯ ಗುರುತು ಬೀಳದ ಹಾಗೆ, ಕಲ್ಲಿನಿಂದ ಕಲ್ಲಿಗೆ ಕುಪ್ಪಳಿಸುತ್ತಾ, ಸುತ್ತಿ ಬಳಸಿ ಮನೆಗೆ ಹೋದ.

ನೀತಿ: ನಂಬಿ ಹತ್ತಿರ ಬಂದವರನ್ನು ನಾಲ್ಕು ಜನರಿಗೆ ತೋರಿಸಿ ಮೆರೆಯಬಾರದು, ಮೆರವಣಿಗೆ ಮುಗಿದ ಮೇಲೆ ಪಶ್ಚಾತ್ತಾಪ ಉಳಿಯುತ್ತದೆ, ನಂಬಿಕೆ ಉಳಿಯುವುದಿಲ್ಲ.